ನಡುಮನೆಗೆ ಬಂದ ಚಾಪೆ

ಕಬ್ಬಿನ ಕಟಾವು ಶುರುವಾದರೆ ನಮ್ಮ ಕಡೆ ಹೆಂಗಸರಿಗೆ ಕಾಯಿಲೆ ಬೀಳುವುದಕ್ಕೂ ಪುರುಸೊತ್ತಿರುವುದಿಲ್ಲ. ಭಾರತೀನಗರದ ಪಕ್ಕದ ಊರಿನ ಶೋಭಾರಾಣಿಗೆ ಎಡ ಎದೆಯಲ್ಲಿ ಗಂಟು ಕೈಗೆ ಸಿಕ್ಕಿದ್ದು ಅಂಥ ದಿನಗಳಲ್ಲೇ. ಸ್ನಾನ ಮಾಡುವಾಗ ಸಿಕ್ಕಿತು, ಅವರೆಕಾಳಿನಷ್ಟು. ಒತ್ತಿ ನೋಡಿದಳು, ನೋವಿರಲಿಲ್ಲ. ಫ್ಯಾಕ್ಟರಿಯಿಂದ ಕಟಾವಿನ ಪರ್ಮಿಟ್ಟು ಬಂದಿತ್ತು, ಹದಿನಾರು ಆಳಿಗೆ ಮುದ್ದೆ ತೊಳಸಬೇಕಿತ್ತು. ನೋಯದ ಗಂಟಿಗೆ ಏನವಸರ ಅಂದುಕೊಂಡಳು. ಕಬ್ಬು ಸಾಗಿಸಿ, ಮತ್ತೆ ಚಿಗುರುವ ಕೂಳೆಗೆ ನೀರು ಕಟ್ಟಿ, ನಾದಿನಿಯ ಬಾಣಂತನ ಮುಗಿಸಿ ಆಸ್ಪತ್ರೆಗೆ ಹೋಗುವ ಹೊತ್ತಿಗೆ ಏಳು ತಿಂಗಳಾಗಿತ್ತು. ಅವರೆಕಾಳು ನಿಂಬೆಹಣ್ಣಾಗಿತ್ತು.

ಒಂದು ಮೊಲೆ ತೆಗೆದರು. ಕೀಮೋ ಕೊಟ್ಟರು, ರೇಡಿಯೇಷನ್ ಕೊಟ್ಟರು. ಕೂದಲು ಉದುರಿ ಮತ್ತೆ ಬಂತು. ಜೀವ ಉಳಿಯಿತು. ಊರಿನವರು ಬಂದು ಪುಣ್ಯವಂತೆ ಅಂತ ಹೇಳಿ, ಕಾಫಿ ಕುಡಿದು ಹೋದರು. ಉಳಿದ ಜೀವವನ್ನು ಬಾಳುವುದು ಹೇಗೆ ಅಂತ ಮಾತ್ರ ಯಾರೂ ಹೇಳಲಿಲ್ಲ.

ಕೀಮೋ ಶುರುವಾದ ಮೇಲೆ ಅವಳ ಮುಟ್ಟು ನಿಂತಿತ್ತು. ವಯಸ್ಸು ನಲವತ್ತೊಂದು. ಚಿಕಿತ್ಸೆ ಮುಗಿದು ಕೆಲವು ತಿಂಗಳಿಗೆ ಗಂಡ ಲಿಂಗರಾಜು ಒಂದು ದಿನ ಹತ್ತಿರ ಬಂದ. ಅವಳಿಗೆ ಮೆಣಸಿನಪುಡಿ ಹಾಕಿದ ಹಾಗೆ ಉರಿಯಿತು, ನಾಲ್ಕು ಹನಿ ರಕ್ತವೂ ಕಂಡಿತು. ಅವನು ದಡಬಡ ಎದ್ದು ಜಗಲಿಗೆ ಹೋಗಿ ಕೂತ. ಆಮೇಲೆ ಅವಳ ಕೈಯನ್ನೂ ಮುಟ್ಟಲಿಲ್ಲ.

ಅತ್ತೆ ಬೀರಮ್ಮನ ಮನೆಯಲ್ಲಿ ಒಂದು ಕಟ್ಟಳೆಯಿತ್ತು. ಮುಟ್ಟು ನಿಂತವಳಿಗೆ ಗಂಡನ ಕೋಣೆ ಇಲ್ಲ, ಚಾಪೆ ನಡುಮನೆಗೆ ಬರಬೇಕು. ಒಂದು ಮಧ್ಯಾಹ್ನ ಶೋಭಾರಾಣಿ ಹುಲ್ಲು ತರಲು ಹೋಗಿದ್ದಾಗ ಬೀರಮ್ಮ ಸೊಸೆಯ ಚಾಪೆ, ದಿಂಬು ತಂದು ರಾಗಿ ಮೂಟೆಯ ಪಕ್ಕ ಇಟ್ಟಳು. ಲಿಂಗರಾಜು ನೋಡಿದ. ದಾಟಿಕೊಂಡು ಗದ್ದೆಗೆ ಹೋದ. ವಾರ ಕಳೆಯುವುದರೊಳಗೆ ತಾನೂ ಕಂಬಳಿ ಎತ್ತಿಕೊಂಡು ಗದ್ದೆಯ ಪಂಪ್‌ಸೆಟ್ ಮನೆ ಸೇರಿದ. ಹಂದಿಕಾಟ ಅಂತ ನೆಪ ಹೇಳಿದ.

ಮಾತಿಲ್ಲದ ಮನೆಯಲ್ಲಿ ಶೋಭಾರಾಣಿ ಅರ್ಥವನ್ನು ತಾನೇ ಮಾಡಿಕೊಂಡಳು. ಅರ್ಧ ಎದೆಯವಳು ಯಾರಿಗೆ ಬೇಕು? ಕನ್ನಡಿಯನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟಳು.

ಮೂರು ತಿಂಗಳಿಗೊಮ್ಮೆ ಮಂಡ್ಯದಲ್ಲಿ ತಪಾಸಣೆ. ಬೇರೆ ಏನಾದರೂ ತೊಂದರೆಯಿದೆಯಾ ಅಂತ ಡಾಕ್ಟರಮ್ಮ ಪ್ರತಿ ಸಲ ಕೇಳುತ್ತಿದ್ದರು. ಲಿಂಗರಾಜು ಫೈಲು ಹಿಡಿದು ಬಾಗಿಲಾಚೆ ನಿಂತಿರುತ್ತಿದ್ದ. ಅವಳು ಏನಿಲ್ಲ ಅನ್ನುತ್ತಿದ್ದಳು. ಐದು ಸಲ ಕೇಳಿದರು, ಐದು ಸಲವೂ ಏನಿಲ್ಲ ಅಂದಳು.

ಆಶಾ ಕಾರ್ಯಕರ್ತೆ ಇಂದ್ರಮ್ಮ ಅದೇ ಬೀದಿಯವಳು. ಬಿ.ಪಿ. ನೋಡಲು ಬಂದಾಗ ಶೋಭಾರಾಣಿ ಎಡಗೈ ಚಾಚಿದಳು.

“ಆ ಕೈ ಬ್ಯಾಡ ಕಣಮ್ಮಿ. ಆಪ್ರೇಸನ್ ಆದ ಕಡೆ ಕೈಗೆ ಪಟ್ಟಿ ಕಟ್ಬಾರ್ದು, ಸೂಜಿ ಚುಚ್ಬಾರ್ದು, ಬಾವು ಬತ್ತದೆ. ಬಲಗೈ ಕೊಡು.” ಪಟ್ಟಿ ಸುತ್ತುತ್ತಿದ್ದ ಇಂದ್ರಮ್ಮನ ಕಣ್ಣು ಮೂಟೆಯ ಪಕ್ಕಕ್ಕೆ ಹೋಯಿತು. “ಇದ್ಯಾರ್ ಚಾಪೆ?”

ಉತ್ತರ ಕೊಟ್ಟವಳು ಬೀರಮ್ಮ. “ಮುಟ್ಟು ನಿಂತೋಳ್ಗೆ ಇನ್ನೇನ್ ಕ್ವಾಣೆ? ಅದೂ ಅಂಥಾ ಕಾಯ್ಲೆ. ನನ್ ಮಗುಂಗೂ ಅಂಟ್ಕಂಡ್ರೆ ನೀನ್ ನೋಡ್ಕಂಡೀಯಾ?”

“ಅಂಟ್ಕಳೋಕೆ ಅದೇನ್ ನೆಗಡಿಯಾ ಅಜ್ಜಿ? ಮುಟ್ಟುದ್ರೂ ಬರಕಿಲ್ಲ, ಜೊತೇಲಿ ಮನ್ಗುದ್ರೂ ಬರಕಿಲ್ಲ. ಇವಳ್ದು ವಯಸ್ಸಾಗಿ ನಿಂತಿಲ್ಲ, ಔಸ್ದಿಗೆ ನಿಂತದೆ.”

ಬೀರಮ್ಮ ಮೂತಿ ತಿರುವಿ ಎಲೆಅಡಿಕೆ ಹಾಕಿಕೊಂಡಳು. ಇಂದ್ರಮ್ಮ ಶೋಭಾರಾಣಿಯನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ ಗಂಡಹೆಂಡಿರ ಸಂಗತಿಯನ್ನು ಸುತ್ತಿಬಳಸದೆ ಕೇಳಿದಳು. ಶೋಭಾರಾಣಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಉರಿ, ರಕ್ತ, ಪಂಪ್‌ಸೆಟ್ ಮನೆ, ಎಲ್ಲ ಹೇಳಿದಳು. ಹೇಳುವಾಗ ಅಳು ಬರಲಿಲ್ಲ, ಸಿಟ್ಟು ಬಂತು.

“ಇದ್ನ ಡಾಕ್ಟ್ರಿಗೆ ಯೋಳೋಕೇನಾಗಿತ್ತು?”

“ಸಾಯೋದ್ರಲ್ಲಿದ್ದೋಳು ಉಳ್ಕಂಡು ಇದ್ನ ಕೇಳ್ತಾಳಲ್ಲ ಅಂತ ನಗಕಿಲ್ವಾ ಅಕ್ಕ?”

“ನಗೋರು ನಗ್ಲಿ. ನಾಳಿದ್ದು ಓಗಾನ. ನಿನ್ ಗಂಡನೂ ಒಳಿಕ್ಕೇ ಬರ್ಬೇಕು, ಬಾಗ್ಲಲ್ಲಲ್ಲ.”

ಲಿಂಗರಾಜು ಗದ್ದೆಗೆ ನೀರು ಹಾಯಿಸಬೇಕು ಅಂದ. ಇಂದ್ರಮ್ಮ ಬಿಡಲಿಲ್ಲ. ಡಾಕ್ಟರಮ್ಮ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು. ಚಿಕಿತ್ಸೆಯಿಂದ ಹಾರ್ಮೋನು ಕಡಿಮೆಯಾಗಿ ಒಳಗಿನ ಜಾಗ ಒಣಗುತ್ತದೆ, ತೆಳುವಾಗುತ್ತದೆ. ಉರಿಗೆ ಅದೇ ಕಾರಣ, ಯಾರ ತಪ್ಪೂ ಅಲ್ಲ. ತೇವ ಉಳಿಸುವ ಜೆಲ್ ಇದೆ, ಕೂಡುವಾಗ ಹಚ್ಚಿಕೊಳ್ಳಲು ನೀರಿನಂಶದ ಜೆಲ್ ಇದೆ. ಹಾರ್ಮೋನು ಇರುವ ಮುಲಾಮನ್ನು ಮಾತ್ರ ಕ್ಯಾನ್ಸರ್ ವೈದ್ಯರನ್ನು ಕೇಳದೆ ಹಚ್ಚಬಾರದು. ಮುಟ್ಟು ನಿಂತರೂ ಗರ್ಭ ನಿಲ್ಲಬಹುದು, ಅದಕ್ಕೆ ಕಾಂಡೋಮ್ ಬೇಕು. ಇಷ್ಟು ಹೇಳಿ, ರಕ್ತ ಕಂಡದ್ದನ್ನು ಅವತ್ತೇ ತಿಳಿಸಬೇಕಿತ್ತು ಅಂತ ಗದರಿ, ಪರೀಕ್ಷೆ ಮಾಡಿದರು. ಕೆಟ್ಟದ್ದೇನೂ ಇರಲಿಲ್ಲ.

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಲಿಂಗರಾಜು ಚಪ್ಪಲಿ ನೋಡುತ್ತಾ ಕೂತ.

“ರಕ್ತ ಕಂಡ್ತಲ್ಲ. ಕಾಯ್ಲೆನ ನಾನೇ ಕೆಣಕ್ಬುಟ್ಟೆ, ನಿನ್ನ ನಾನೇ ಸಾಯಿಸ್ದೆ ಅನ್ಕಂಡೆ ಕಣೆ. ಅದ್ಕೇ ದೂರ ಓದೆ.”

ಶೋಭಾರಾಣಿಗೆ ಇದರಿಂದ ಸಮಾಧಾನವಾಗಬೇಕಿತ್ತು. ಆಗಲಿಲ್ಲ. “ಒಂದೂವರೆ ವರ್ಸ. ನಾನು ನಿಂಗೆ ಅಸಹ್ಯ ಆಗ್ಬುಟ್ಟೆ ಅನ್ಕಂಡು ಮೂಟೆ ಪಕ್ಕ ಬಿದ್ದಿದ್ನಲ್ಲ. ಒಂದು ಮಾತು ಕೇಳ್ಬಾರ್ದಾಗಿತ್ತಾ?”

“ನೀನೂ ಯೋಳ್ಲಿಲ್ವಲ್ಲ.”

ಅದೂ ನಿಜವೇ. ಬಸ್ಸು ಬಂತು, ಇಬ್ಬರೂ ಹತ್ತಿದರು.

ಮನೆಗೆ ಬಂದವಳೇ ಶೋಭಾರಾಣಿ ಚಾಪೆ ಸುತ್ತಿದಳು. ಆ ಡಾಕ್ಟರಮ್ಮನಿಗೆ ನಮ್ಮ ಮನೆ ಶಾಸ್ತ್ರವೇನು ಗೊತ್ತು ಅಂತ ಬೀರಮ್ಮ ಗೊಣಗಿದಳು. ಸೊಸೆ ಚಾಪೆ ಹಿಡಿದು ಕೋಣೆಯ ಹೊಸಿಲು ದಾಟುವಾಗ ಮುದುಕಿಯ ದನಿ ಬದಲಾಯಿತು.

“ನಂಗೆ ಮೂವತ್ತೆಂಟಕ್ಕೇ ನಿಂತೋಯ್ತು. ನಮ್ಮತ್ತೆ ಚಾಪೆ ಎತ್ತಾಕುದ್ಲು. ನಿಮ್ಮಾವ ಅದಾದ್ಮೇಲೆ ಇಪ್ಪತ್ತು ವರ್ಸ ಬದ್ಕಿದ್ರು. ನಿಂಗೆಂಗದೆ ಅಂತ ಒಬ್ರೂ ಕೇಳ್ನಿಲ್ಲ ಕಣಮ್ಮಿ.”

ಮೂಟೆಯ ಪಕ್ಕ ದಿಂಬು ಉಳಿದಿತ್ತು. ಬೀರಮ್ಮ ಮಂಡಿ ಹಿಡಿದುಕೊಂಡು ಎದ್ದು, ಅದನ್ನು ಕೊಡವಿ, ಕೋಣೆಯೊಳಗೆ ತಂದಿಟ್ಟಳು.

ಅವತ್ತೇ ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ಲಿಂಗರಾಜು ಕಂಬಳಿ ವಾಪಸು ತಂದ. ಮೊದಲ ತಿಂಗಳು ಬರೀ ಮಾತಾಡಿದರು. ಜಗಳವೂ ಆಡಿದರು. ಕನ್ನಡಿ ಈ ಕಡೆ ತಿರುಗಲು ಇನ್ನೂ ಹೆಚ್ಚು ದಿನ ಹಿಡಿಯಿತು. ಕಳೆದುಹೋದ ಒಂದೂವರೆ ವರ್ಷ ಮಾತ್ರ ಯಾವ ಜೆಲ್ಲಿನಿಂದಲೂ ವಾಪಸು ಬರಲಿಲ್ಲ.

ಇದನ್ನು ಓದುತ್ತಿರುವ ಅಕ್ಕತಂಗಿಯರೇ, ತಿಂಗಳಿಗೊಂದು ಸಲ, ಮುಟ್ಟು ಮುಗಿದ ಮೇಲೆ, ನಿಮ್ಮ ಎದೆಯನ್ನು ನೀವೇ ಮುಟ್ಟಿ ನೋಡಿಕೊಳ್ಳಿ. ಮುಟ್ಟು ನಿಂತವರು ಒಂದು ತಾರೀಕು ಗೊತ್ತುಮಾಡಿಕೊಳ್ಳಿ. ಗಂಟು, ಚರ್ಮದ ಗುಳಿ, ತೊಟ್ಟಿನಿಂದ ಸೋರುವ ನೀರು ಅಥವಾ ರಕ್ತ ಕಂಡರೆ ನೋವಿಗೆ ಕಾಯಬೇಡಿ, ಕಟಾವಿಗೂ ಕಾಯಬೇಡಿ, ಕೂಡಲೇ ಡಾಕ್ಟರಿಗೆ ತೋರಿಸಿ. ಏನೂ ಕಾಣದಿದ್ದರೂ ಮೂವತ್ತು ದಾಟಿದವರು ಆರೋಗ್ಯ ಕೇಂದ್ರಕ್ಕೆ ಹೋಗಿ ಎದೆ ಪರೀಕ್ಷೆ ಮಾಡಿಸಿಕೊಳ್ಳಿ. ಚಿಕಿತ್ಸೆ ಆದವರು ಉರಿ, ಒಣಗುವಿಕೆ, ರಕ್ತ ಯಾವುದನ್ನೂ ಏನಿಲ್ಲ ಅಂತ ನುಂಗಬೇಡಿ. ಡಾಕ್ಟರು ಕೇಳದಿದ್ದರೆ ನೀವೇ ಹೇಳಿ. ಅಣ್ಣಂದಿರೇ, ಫೈಲು ಹಿಡಿದು ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ಹೋಗಿ.

ಮತ್ತೆ ಇವತ್ತು ಮನೆಗೆ ಹೋದಾಗ ನಿಮ್ಮ ನಡುಮನೆಯಲ್ಲಿ ಯಾರ ಚಾಪೆಯಿದೆ ಅಂತ ನೋಡಿ. ಅದು ಅಲ್ಲಿಗೆ ಹೇಗೆ ಬಂತು ಅಂತ ಅವಳನ್ನೇ ಕೇಳಿ.