ಇನ್ನೂರ ಹನ್ನೆರಡನೆಯ ಹಾಳೆ

ಸುಪ್ರಿಯಾ ಫೈಲಿನ ದಾರ ಬಿಚ್ಚಿ ಇನ್ನೂರ ಹನ್ನೆರಡನೆಯ ಹಾಳೆಯನ್ನು ಎಳೆದಳು. ಮಡಿಚಿ ಸೊಂಟಕ್ಕೆ ಸಿಕ್ಕಿಸಿ ಸೆರಗು ಮುಚ್ಚುವಷ್ಟರಲ್ಲಿ ಬಾಗಿಲಲ್ಲಿ ಪಕ್ಷದ ರುದ್ರೇಶ್ ನಿಂತಿದ್ದ.

"ಎಷ್ಟೊತ್ತಮ್ಮ? ಗೌರವದ ಗುಂಡು ಹಾರ್ಸೋಕೆ ಪೊಲೀಸಿನವ್ರು ಲೈನಾಗಿ ನಿಂತಾಯ್ತು. ಸಾರ್ ಬರೆದ ಹುತಾತ್ಮರ ಅಧ್ಯಾಯ ಓದ್ತೀನಿ ಅಂತ ಮೈಕಲ್ಲಿ ಹೇಳ್ಬಿಟ್ಟಿದೀನಿ. ಜವರಮ್ಮನ್ನೂ ಮುಂದಿನ ಕುರ್ಚೀಲಿ ಕೂರ್ಸಿದೀನಿ."

ಫೈಲನ್ನು ಅವನೇ ತೆಗೆದುಕೊಂಡು ಹೊರಟ. ಹತ್ತು ವರ್ಷ ಬೊಮ್ಮಯ್ಯನವರು ಹೇಳಿದ್ದನ್ನು ಟೈಪ್ ಮಾಡಿದವಳಿಗೆ ಅವರ ಒಂದು ಅಭ್ಯಾಸ ಆಗಷ್ಟೇ ನೆನಪಾಯಿತು. ಪ್ರತಿ ಹಾಳೆಯ ಮೂಲೆಗೂ ಅವರು ಕೆಂಪು ಶಾಯಿಯಲ್ಲಿ ಅಂಕಿ ಹಾಕುತ್ತಿದ್ದರು.

*

ಬೊಮ್ಮಯ್ಯನವರು ಶಾಸಕರಾಗಿದ್ದಾಗ ಪೇಟೆಯಲ್ಲಿ ಯುದ್ಧ ಸ್ಮಾರಕ ಕಟ್ಟಿಸಿ, ಈ ಕಡೆಯ ಹದಿನಾಲ್ಕು ಮಂದಿ ಯೋಧರ ಹೆಸರು ಕೆತ್ತಿಸಿದ್ದರು. ಚುನಾವಣೆ ಸೋತ ಮೇಲೆ ಆ ಹದಿನಾಲ್ಕು ಜನರ ಚರಿತ್ರೆ ಬರೆಯಲು ಕೂತರು. ಹಳೆಯ ಸಿಪಾಯಿಗಳನ್ನು ಹುಡುಕಿಕೊಂಡು ಹೋದರು. ಜವರಮ್ಮನ ಗಂಡ ಈರಯ್ಯನ ಬಗ್ಗೆ, ಅವನ ಜೊತೆಗಿದ್ದ ಮೂವರೂ ಒಂದೇ ಮಾತು ಹೇಳಿದ್ದರು.

"ಬರ್ಕೋ," ಎಂದರು ಬೊಮ್ಮಯ್ಯನವರು. "ಎಪ್ಪತ್ತೊಂದರ ಯುದ್ಧದಲ್ಲಿ, ಹೆದರಿ ಹಿಂದಕ್ಕೆ ಓಡುವಾಗ ನಮ್ಮವರದೇ ಗುಂಡು ತಗಲಿ ಸತ್ತ."

ಸುಪ್ರಿಯಾಳ ಬೆರಳು ನಿಂತಿತು. "ಜವರಮ್ಮನವ್ರಿಗೆ ಗೊತ್ತಾ ಸಾರ್?"

"ನಾನೇ ಹೇಳ್ತೀನಿ. ಆಮೇಲೆ ಅಚ್ಚಿಗೆ ಕೊಡೋಣ."

ಜವರಮ್ಮನ ಮನೆಗೆ ಮೂರು ಸಲ ಹೋದರು. ಮೂರು ಸಲವೂ ಕಾಫಿ ಕುಡಿದು ವಾಪಸ್ ಬಂದರು. ಕೊನೆಯ ಸಲ ಜೀಪಿಳಿದವರು, "ಸಾವಿರಾರು ಜನರ ಮುಂದೆ ಭಾಷಣ ಬಿಗಿದವನು ಮಾರಾಯ್ತಿ, ಆ ಜಗಲೀಲಿ ಮಾತೇ ಹೊರಡ್ಲಿಲ್ಲ," ಎಂದು ನಗಲು ನೋಡಿದರು.

*

ಮನೆ ಮುಂದಿನ ಕಣದಲ್ಲಿ ಒಣಗಲು ಹರವಿದ್ದ ಕಾಫಿಯನ್ನು ಬದಿಗೆ ಗುಡ್ಡೆ ಮಾಡಿ, ನಡುವೆ ಬೊಮ್ಮಯ್ಯನವರ ದೇಹ ಇಟ್ಟಿದ್ದರು. ರುದ್ರೇಶ್ ಮೈಕಿನ ಮುಂದೆ ಹಾಳೆ ತಿರುವಿದ. ಇನ್ನೂರ ಹನ್ನೊಂದು. ಇನ್ನೂರ ಹದಿಮೂರು. ಬೆರಳಿಗೆ ಉಗುಳು ಹಚ್ಚಿ ಮತ್ತೆ ತಿರುವಿದ.

"ಸುಪ್ರಿಯಾ, ಈರಯ್ಯಂದೇ ಹಾಳೆ ಇಲ್ವಲ್ಲ!"

ಇಡೀ ಕಣಕ್ಕೆ ಕೇಳಿಸಿತು. ಜವರಮ್ಮ ಹಿಂದಕ್ಕೆ ತಿರುಗಿದರು. ಕುರ್ಚಿಯ ಹಿಂದೆ ನಿಂತಿದ್ದ ಸುಪ್ರಿಯಾಳ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಮುದುಕಿಯ ಕಣ್ಣು ಆ ಕೈಯ ಮೇಲೆ ನಿಂತಿತು.

ಕಾದು ಬೇಸತ್ತ ಇನ್‌ಸ್ಪೆಕ್ಟರ್ ಸನ್ನೆ ಮಾಡಿದರು. ಮೊದಲ ಸುತ್ತು ಗುಂಡು ಗಾಳಿಗೆ ಹಾರಿತು. ಜವರಮ್ಮ ಎರಡೂ ಕಿವಿ ಮುಚ್ಚಿ ಮುದುಡಿ ಕೂತರು.

"ನಮ್ಮನೆಯವ್ರೂ ಹಿಂಗೇ," ಎಂದರು ಮೆಲ್ಲಗೆ. "ಶಿಕಾರಿಯವ್ರು ಈಡು ಹೊಡೆದ್ರೆ ಅಟ್ಟ ಹತ್ತಿ ಕೂರೋರು. ಮಿಲಿಟ್ರಿಗೆ ಬೇಡ ಅಂದಿದ್ದೆ." ಕಿವಿಯಿಂದ ಕೈ ತೆಗೆದು, "ಬೊಮ್ಮಯ್ಯೋರು ಮೂರು ಸಲ ಬಂದ್ರಲ್ಲ. ಮುಖ ನೋಡಿದ್ರೆ ಗೊತ್ತಾಗಲ್ವಾ? ಕೊಡು ಇಲ್ಲಿ."

ಸುಪ್ರಿಯಾ ಕೊಟ್ಟಳು. ಜವರಮ್ಮ ಮಡಿಕೆ ಬಿಚ್ಚಲಿಲ್ಲ. ಎಲೆಅಡಿಕೆ ಸಂಚಿಯೊಳಗೆ ತುರುಕಿದರು.

ಬಂದೂಕುಗಳು ಮತ್ತೆ ಮೇಲೆದ್ದವು. ಈ ಸಲ ಜವರಮ್ಮ ಕಿವಿ ಮುಚ್ಚಲಿಲ್ಲ; ಎರಡೂ ಕೈಯಲ್ಲಿ ಸಂಚಿಯ ಬಾಯಿಯನ್ನು ಬಿಗಿಯಾಗಿ ಹಿಡಿದಿದ್ದರು.