ಹಕ್ಕಿ ನೋಡಲು ಹೊರಟ ಎಂಗೋಜಿ

ನಮ್ಮಲ್ಲಿ ರಸ್ತೆ ಇರುವುದು ಬೆಟ್ಟದ ನೆತ್ತಿಯಲ್ಲಿ, ಮನೆಗಳಿರುವುದು ಇಳಿಜಾರಿನಲ್ಲಿ. ಕಾಯಿಲೆ ಬಿದ್ದವರಿರಲಿ, ಬಸುರಿಯಿರಲಿ, ಹೆಣವಿರಲಿ, ಎಂಗೋಜಿಯಲ್ಲೇ ಹೊರಬೇಕು. ಬಳ್ಳಿಯಲ್ಲಿ ಹೆಣೆದ ಉದ್ದನೆಯ ಬುಟ್ಟಿ, ಹಿಂದೊಂದು ಮುಂದೊಂದು ಅಡ್ಡ ಬೊಂಬು, ನಾಲ್ವರ ಹೆಗಲು, ಅಷ್ಟೇ. ಊರಿಗೆಲ್ಲ ಒಂದೇ ಎಂಗೋಜಿ, ಅದಕ್ಕೊಂದು ಸಂಘ. ಕರೆದಾಗ ಹೆಗಲು ಕೊಡದವನ ಮನೆಯವರನ್ನು ಯಾರೂ ಹೊರುವುದಿಲ್ಲ. ಒಳ್ಳೆಯ ಕಟ್ಟಳೆಯೇ. ಅದನ್ನು ಕೆಡಿಸಿದವನು ಸಂಘದ ಅಧ್ಯಕ್ಷ ಕಮುಗಾಶಾ, ಅವನ ಬಾಯಿಗೆ ಮಣ್ಣು ಬೀಳ!

ಕಾಡಿನ ತಳದಲ್ಲಿ ಮುಬ್ವಿಂಡಿ ಜೌಗಿದೆ. ಅಲ್ಲೊಂದು ಹಸಿರು ಹಕ್ಕಿ, ಎದೆ ಮಾತ್ರ ತಿಳಿನೀಲಿ, ಮುಷ್ಟಿಯೊಳಗೆ ಅಡಗುವಷ್ಟು. ನಮ್ಮ ಬೆಟ್ಟ, ಗಡಿಯಾಚೆಯ ಕಾಂಗೋ ಬೆಟ್ಟ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲವಂತೆ. ಅದಕ್ಕಾಗಿ ಬಿಳಿಯರು ಸಮುದ್ರ ದಾಟಿ ಬರುತ್ತಾರೆ. ಮಂಡಿ ಸವೆದವರು ಆ ಕಡಿದಾದ ದಾರಿ ಇಳಿಯಲಾರರು. "ಎಂಗೋಜಿ ಸುಮ್ನೆ ಗೋಡೆಗೆ ನೇತಾಡ್ತಾ ಇರುತ್ತೆ, ಅದೂ ದುಡೀಲಿ ಬಿಡ್ರಯ್ಯಾ" ಎಂದು ಕಮುಗಾಶಾ ಅದನ್ನು ಬಾಡಿಗೆಗೆ ಬಿಟ್ಟ.

ಆ ಬೆಳಿಗ್ಗೆ ಕಂಪಾಲಾದ ಗೈಡ್ ಸೆಂಪಾನ ಕಾರಿನಿಂದ ಪಾರ್ಜಿಟರ್ ಎಂಬ ದಢೂತಿ ಮುದುಕ ಇಳಿದ. ಅದೇ ಬೆಳಿಗ್ಗೆ ಬ್ಯಾರುಗಬಾನ ಹೆಂಡತಿ ಕೆಬಿರುಂಗಿಗೆ ಹೆರಿಗೆ ನೋವು ಶುರುವಾಗಿತ್ತು.

"ಇವತ್ತು ನನ್ನ ಬಿಟ್ಬಿಡಣ್ಣಾ, ಅವಳಿಗೆ ನೋವು ಬಂದಿದೆ," ಎಂದ ಬ್ಯಾರುಗಬಾ.

ಕಮುಗಾಶಾ ನಕ್ಕ. "ಚೊಚ್ಚಲು ಕಣೋ, ಸಂಜೆ ತನಕ ಎಳೆಯುತ್ತೆ. ನೀನೇನು ಹೆರ್ಬೇಕಾ? ಈಗ ನೀನು ಹೆಗಲು ಕೊಡದಿದ್ರೆ, ಸಂಜೆ ಅವಳನ್ನ ಯಾರು ಹೊರ್ತಾರೆ? ಯೋಚ್ನೆ ಮಾಡು."

ಹೆಂಡತಿಯನ್ನು ಹೊರುವವರು ಇರಲಿ ಎಂದೇ ಅವನು ಹೆಂಡತಿಯನ್ನು ಬಿಟ್ಟು ಬಂದ. ಮುಂದಿನ ಬೊಂಬಿಗೆ ನಾನು ಮತ್ತು ಅವನು, ಹಿಂದಿನದಕ್ಕೆ ಕಮುಗಾಶಾ ಮತ್ತು ಅವನ ತಮ್ಮ. ಮುದುಕ ಮೇಲೆ ಕೂತು ಶಿಳ್ಳೆ ಹಾಕುತ್ತಿದ್ದ.

ಕೆಳಗೆ ಜೌಗಿನ ಅಂಚಿನಲ್ಲಿ ಕೊಂಬೆಯೊಂದಕ್ಕೆ ಗೂಡು ಜೋತುಬಿದ್ದಿತ್ತು, ಹಕ್ಕಿ ಇರಲಿಲ್ಲ. ನೆಲವೆಲ್ಲ ಕೆಸರು. ಮುದುಕ ಎಂಗೋಜಿಯಲ್ಲೇ ಕೂತು ದುರ್ಬೀನು ಹಿಡಿದ. ಕಾದೆವು. ಆಗ ಕೆಬಿರುಂಗಿಯ ಅಕ್ಕ ಕ್ಯಾರಿಸೀಮಾ ಬಿದ್ದೆದ್ದು ಓಡಿ ಬಂದಳು.

"ಕೂಸಿನ ಕೈ ಹೊರಗೆ ಬಂದಿದೆ! ತಲೆ ಬರ್ತಿಲ್ಲ! ಆಸ್ಪತ್ರೆಗೆ ಒಯ್ಬೇಕು, ಎಂಗೋಜಿ ಕೊಡ್ರೋ!"

ಬ್ಯಾರುಗಬಾ ಬೊಂಬಿಗೆ ಕೈ ಹಾಕಿದ. ಸೆಂಪಾ ಮುದುಕನಿಗೆ ವಿಷಯ ತಿಳಿಸಿದ. ಮುದುಕನ ಮುಖ ಬಾಡಿತು, ಸುಳ್ಳೇಕೆ ಹೇಳಲಿ. ಏನೋ ಗೊಣಗಿದ.

"ಪಾಪ ಅಂತಿದಾರೆ," ಎಂದ ಸೆಂಪಾ. "ಆದ್ರೆ ಇದಕ್ಕೋಸ್ಕರ ಹಿಂದೆ ಎರಡು ಸಲ ಬಂದು ಸುಮ್ನೆ ವಾಪಸ್ ಹೋಗಿದಾರಂತೆ. ಹಕ್ಕಿ ಈಗ್ಲೋ ಆಗ್ಲೋ ಬರುತ್ತೆ, ಒಂಚೂರು ತಡೀರಿ ಅಂತಾರೆ."

"ಅವನನ್ನ ಇಲ್ಲೇ ಇಳ್ಸಿ ಹೋಗೋಣ," ಎಂದೆ ನಾನು.

"ಆನೆ ಓಡಾಡೋ ಜಾಗದಲ್ಲಾ?" ಕಮುಗಾಶಾ ಕಣ್ಣು ಬಿಟ್ಟ. "ಕಾಡಿನ ಕಾವಲಿನೋರು ನಮ್ಮ ಚರ್ಮ ಸುಲೀತಾರೆ. ಅಲ್ಲದೆ ಎಂಗೋಜಿ ಹತ್ತಿದೋರನ್ನ ದಾರೀಲಿ ಇಳ್ಸೋದು ನಮ್ಮಲ್ಲುಂಟಾ?"

"ಅದು ರೋಗಿಗಳಿಗೆ ಕಣೋ, ನಾಯಿ! ಹಂಗಾದ್ರೆ ಅವನ ಸಮೇತ ಈಗ್ಲೇ ಎತ್ತು."

"ಹಕ್ಕಿ ತೋರಿಸದೆ ಕಳಿಸಿದ್ರೆ ನಾಳೆ ಇನ್ಯಾವನು ಬರ್ತಾನೆ?" ಎಂದು ಅವನು ಬೇರಿನ ಮೇಲೆ ಕೂತ. ತಮ್ಮನೂ ಕೂತ. ಹಿಂದಿನ ಬೊಂಬು ಏಳದಿದ್ದರೆ ಎಂಗೋಜಿ ಏಳುವುದುಂಟೆ? ಜಗಳವಾಡಿದರೆ ಆಮೇಲೆ ಹೊರುವವರೇ ಇರುವುದಿಲ್ಲವೆಂದು ಹೆದರಿದ ಬ್ಯಾರುಗಬಾ ಕೆಸರಿನಲ್ಲಿ ಕಮುಗಾಶಾನ ಕಾಲು ಹಿಡಿದ. "ಆಯ್ತು ಏಳೋ, ಒಂದು ಗಳಿಗೆ," ಎಂದ ಆ ಪಾಪಿ.

"ಥೂ! ಗಂಡಸರಾ ನೀವು?" ಕ್ಯಾರಿಸೀಮಾ ಉಗಿದಳು. "ಮನೆ ಬಾಗಿಲು ಕಿತ್ತು ಅದ್ರ ಮೇಲೆ ನಾವು ಹೆಂಗಸ್ರೇ ಹೊರ್ತೀವಿ." ಬಂದ ದಾರಿಯಲ್ಲೇ ಓಡಿದಳು. ಗಳಿಗೆ ಕಳೆಯಿತು. ಇನ್ನೊಂದು ಕಳೆಯಿತು. ಬಿಸಿಲು ಜೌಗಿನ ಆಚೆ ದಡಕ್ಕೆ ಸರಿಯಿತು.

ಕೊನೆಗೆ ಹಕ್ಕಿ ಬಂತು. ಕೊಕ್ಕಿನಲ್ಲಿ ಹುಳ ಕಚ್ಚಿಕೊಂಡು ಗೂಡಿನ ಬಾಯಲ್ಲಿ ಕೂತಿತು. ಮುದುಕ ಬಿಕ್ಕಿಬಿಕ್ಕಿ ಅತ್ತ. ಪಕ್ಕದಲ್ಲಿ ಬ್ಯಾರುಗಬಾನೂ ಅಳುತ್ತಿದ್ದ. ಅದನ್ನು ಕಂಡ ಮುದುಕ ಅವನ ಬೆನ್ನು ಸವರಿ, ನೀನೂ ನೋಡಪ್ಪಾ ಎನ್ನುವಂತೆ ದುರ್ಬೀನನ್ನು ಅವನ ಕೈಗಿಟ್ಟ. ಬ್ಯಾರುಗಬಾ ಅದನ್ನು ಹಿಂದಕ್ಕೆ ಕೊಟ್ಟು ಬೊಂಬಿಗೆ ಹೆಗಲು ಹಚ್ಚಿದ.

ಏರುದಾರಿಯಲ್ಲಿ ಅವನು ಓಡಿದ, ನಮ್ಮನ್ನೂ ಓಡಿಸಿದ. ಮುದುಕ ಎರಡೂ ಅಂಚು ಹಿಡಿದು "ನಿಧಾನ, ನಿಧಾನ" ಎಂದು ಕೂಗುತ್ತಿದ್ದ. ಹೆಂಡತಿಗಾಗಿ ಓಡುತ್ತಿದ್ದವನ ಹೆಗಲ ಮೇಲೆ ಇದ್ದದ್ದು ಆ ಮುದುಕ.

ರಸ್ತೆಯ ಅಂಚಿನಲ್ಲಿ ಹೆಂಗಸರು ನಿಂತಿದ್ದರು. ಬಾಗಿಲನ್ನು ಹುಲ್ಲಿನ ಮೇಲೆ ಇಳಿಸಿದ್ದರು. ಕೆಬಿರುಂಗಿಯ ಮುಖದ ಮೇಲೂ ಬಟ್ಟೆ ಎಳೆದಿದ್ದರು.

"ದಾರಿ ತಿರುವಿನ ಹತ್ರ ಜೀವ ಹೋಯ್ತು," ಎಂದಳು ಕ್ಯಾರಿಸೀಮಾ. "ಕೂಸಿಂದೂ."

ಪಾರ್ಜಿಟರ್ ಎಂಗೋಜಿಯಿಂದ ಇಳಿದ. ಟೋಪಿ ತೆಗೆದು ತಲೆ ಬಾಗಿಸಿ ನಿಂತ. ಆಮೇಲೆ ಕೋಲೂರಿಕೊಂಡು ತಾನೇ ಕಾರಿನವರೆಗೆ ನಡೆದುಹೋದ.

ಕಮುಗಾಶಾ ಗಂಟಲು ಸರಿಮಾಡಿಕೊಂಡ. "ಎಂಗೋಜೀಲಿ ಮಲಗಿಸ್ರಪ್ಪಾ. ಸಂಘ ಯಾರನ್ನೂ ಕೈಬಿಡಲ್ಲ."

ಬ್ಯಾರುಗಬಾ ಬಗ್ಗಿ ಬುಟ್ಟಿಯೊಳಗೆ ಅಂಗೈ ಊರಿದ. "ಇನ್ನೂ ಬೆಚ್ಚಗಿದೆ," ಎಂದ. "ಆ ಮುದುಕನ ಮೈಬಿಸಿ ಇದ್ರಲ್ಲಿ ಆರಿಲ್ಲ. ಇವಳನ್ನ ಇದ್ರಲ್ಲಿ ಮಲಗಿಸಲ್ಲ."

ಹೆಂಗಸರ ಜೊತೆ ಸೇರಿ ಬಾಗಿಲಿನ ತಲೆಭಾಗ ಎತ್ತಿದ. ಕಮುಗಾಶಾ ಹೆಗಲು ಕೊಡಲು ಹೋದ, ಕ್ಯಾರಿಸೀಮಾ ಅವನ ಕೈ ತಳ್ಳಿದಳು. ನಾನು ಹೋದೆ. ನನ್ನ ಕೈಯನ್ನೂ ತಳ್ಳಿದಳು.