ತೂಬಿಗೆ ಬಾರದ ಹೊಟ್ಟು

ಮೆಹಜಬೀನಳ ಲ್ಯಾಪ್‌ಟಾಪಿನಲ್ಲಿ ಸೈಟು ಲಕಲಕ ಹೊಳೆಯುತ್ತಿತ್ತು. ನಿನ್ನೆ ಅದನ್ನು ಎಲ್ಲರಿಗೂ ಕಾಣಲೆಂದು ಇಂಟರ್ನೆಟ್ಟಿನ ಹೋಸ್ಟಿಂಗಿಗೆ ಏರಿಸಿದ್ದೇ ತಡ, ಮುಖ ಗಂಟಿಕ್ಕಿಕೊಂಡಿತು. ಡೇಟಾಬೇಸ್ ಸಿಗುತ್ತಿಲ್ಲ ಎಂಬ ಒಂದೇ ಸಾಲು, ಉಳಿದದ್ದೆಲ್ಲ ಬಿಳಿ. ನೂರಾರು ಸೈಟುಗಳು ಒಂದೇ ಯಂತ್ರವನ್ನು ಹಂಚಿಕೊಳ್ಳುವ ಅಗ್ಗದ ಹೋಸ್ಟಿಂಗ್ ಅದು. ಅಲ್ಲಿ ಮಾಹಿತಿ ಕೂಡಿಡುವ ಡೇಟಾಬೇಸಿನ ಹೆಸರು, ಪಾಸ್‌ವರ್ಡ್ ಎಲ್ಲವೂ ಲ್ಯಾಪ್‌ಟಾಪಿನಲ್ಲಿದ್ದುದಕ್ಕಿಂತ ಬೇರೆ. ಅವನ್ನು ಸೆಟ್ಟಿಂಗ್ಸ್ ಫೈಲಿನಲ್ಲಿ ಬರೆದಳು, ತಿದ್ದಿದಳು, ಅಳಿಸಿ ಮತ್ತೆ ಬರೆದಳು. ಆ ಸಾಲು ಜಪ್ಪಯ್ಯ ಎಂದರೂ ಕದಲಲಿಲ್ಲ.

ಹನ್ನೊಂದಕ್ಕೆ ಸಿದ್ದಾಪುರದ ನೀರು ಬಳಕೆದಾರರ ಸಂಘದ ಸಭೆ. ಯಾವ ಹೊಲಕ್ಕೆ ಯಾವ ದಿನ ಕಾಲುವೆ ನೀರಿನ ಪಾಳಿ ಎಂಬುದನ್ನು ರೈತರು ಮೊಬೈಲಿನಲ್ಲೇ ನೋಡಲೆಂದು ಮಾಡಿದ ಸೈಟು. ಇವತ್ತು ತೆರೆಯದಿದ್ದರೆ ಕೆಲಸ ಹೊರಗಿನ ಕಂಪನಿಗೆ ಎಂದು ಅಧ್ಯಕ್ಷ ಪ್ರಭುರಾಜ ಮೊದಲೇ ಹೇಳಿದ್ದರು. ಆನ್‌ಲೈನ್ ಸೆಂಟರಿನಲ್ಲಿ ಮೂರು ವರ್ಷ ಕಂಡವರ ಹೆಸರುಗಳನ್ನೇ ಅರ್ಜಿಗಳಲ್ಲಿ ತುಂಬಿದ ಹುಡುಗಿ ಅವಳು. ಈ ಪುಟದ ಕೊನೆಯಲ್ಲಿ ಮೊದಲ ಬಾರಿಗೆ ತನ್ನ ಹೆಸರು ಹಾಕಿದ್ದಳು. ಅದು ಯಾರ ಕಣ್ಣಿಗೂ ಬೀಳದೆ ಹೋಗುತ್ತದಲ್ಲ ಎಂದು ಸಂಕಟವಾಗುತ್ತಿತ್ತು.

ಹತ್ತೂಕಾಲಿಗೆ ಸಂಘದ ಆಫೀಸಿನಲ್ಲಿ ಅವಳ ಜೊತೆಗಿದ್ದವರು ದೇವೇಂದ್ರಪ್ಪ ಒಬ್ಬರೇ. ಮೂವತ್ತು ವರ್ಷ ಕಾಲುವೆಯ ಗೇಟು ತಿರುವಿ ನಿವೃತ್ತರಾದ ಇವರು, ಫ್ಯಾನಿನ ಕೆಳಗಿನ ಕುರ್ಚಿಗಾಗಿ ಯಾವ ಸಭೆಗಾದರೂ ಮುಕ್ಕಾಲು ಗಂಟೆ ಮುಂಚೆ ಹಾಜರು.

"ಏನಾತವಾ? ಮಾರಿ ಸಪ್ಪಗ ಮಾಡ್ಕೊಂಡು ಕುಂತೀಯಲ್ಲ."

"ಇಲ್ಲಿ ಎಷ್ಟ್ ತಿದ್ದಿದ್ರೂ ಅಲ್ಲಿ ಏನೂ ಬದಲಾಗವಲ್ದು ಕಾಕಾ."

"ಒಂದೀಟೂ?"

"ಒಂದೀಟೂ ಇಲ್ರಿ."

ದೇವೇಂದ್ರಪ್ಪ ಫ್ಯಾನನ್ನೂ ಮರೆತು ಕುರ್ಚಿಯಿಂದೆದ್ದು ಅವಳ ಪಕ್ಕದ ಬೆಂಚಿಗೆ ಬಂದರು. "ತೂಬಿನ್ಯಾಗ ಬರೂ ನೀರು ಯಾವ ಗೇಟಿಂದು ಅಂತ ಅನುಮಾನ ಬಂದ್ರ ನಾವು ಸುಮ್ನ ಗೇಟು ತಿರುವ್ತಾ ಕೂಡ್ತಿರ್ಲಿಲ್ಲವಾ. ಮ್ಯಾಲ ಒಂದು ಬುಟ್ಟಿ ಭತ್ತದ ಹೊಟ್ಟು ಸುರೀತಿದ್ವಿ. ಹೊಟ್ಟು ಕೆಳಗ ಬಂದ್ರ ಅದ ನೀರು. ಬರ್ಲಿಲ್ಲಂದ್ರ ಆ ಗೇಟು ಬಿಟ್ಟು ಬ್ಯಾರೆ ಕಡಿ ಹುಡುಕ್ತಿದ್ವಿ."

ಮೆಹಜಬೀನ ನಗಲು ಹೋದವಳು ನಗಲಿಲ್ಲ. ಇಡೀ ಸೆಟ್ಟಿಂಗ್ಸ್ ಫೈಲಿಗೆ ಬೇಕೆಂದೇ ಕಸ ತುಂಬಿದಳು. ಸೈಟು ಅದನ್ನು ಓದುತ್ತಿದ್ದರೆ ಈಗ ಬೇರೆಯೇ ರಾಗ ತೆಗೆಯಬೇಕಿತ್ತು. ಬಂದದ್ದು ಅದೇ ಸಾಲು.

"ಹೊಟ್ಟು ಬರ್ಲಿಲ್ಲ ಕಾಕಾ."

"ಹಂಗಾರ ಎಲ್ಲರೆ ಹಳೇ ನೀರು ನಿಂತೈತೇನ ನೋಡು."

ನಿಂತಿತ್ತು. ಸೈಟು ಬೇಗ ತೆರೆಯಲೆಂದು ಸೆಟ್ಟಿಂಗ್ಸಿನ ನಕಲೊಂದು ಬೇರೆ ಫೋಲ್ಡರಿನಲ್ಲಿ ಉಳಿದಿರುತ್ತದೆ. ಲ್ಯಾಪ್‌ಟಾಪಿನಿಂದ ಎಲ್ಲವನ್ನೂ ಬಾಚಿ ಏರಿಸುವಾಗ ಅವಳು ಆ ನಕಲನ್ನೂ ಸೇರಿಸಿದ್ದಳು. ನಿನ್ನೆಯಿಂದ ಸೈಟು ಲ್ಯಾಪ್‌ಟಾಪಿನ ಹಳೇ ಸೆಟ್ಟಿಂಗ್ಸನ್ನೇ ಓದುತ್ತಾ ಕೂತಿತ್ತು. ತನ್ನ ಪೆದ್ದುತನಕ್ಕೆ ಹಣೆ ಚಚ್ಚಿಕೊಂಡು ನಕಲನ್ನು ಅಳಿಸಿದಳು, ಕಸ ತೆಗೆದು ಹೊಸ ವಿವರ ತುಂಬಿದಳು. ಹತ್ತೂ ಐವತ್ತೈದಕ್ಕೆ ಪುಟ ತೆರೆಯಿತು.

ಸಭೆಯಲ್ಲಿ ಪ್ರಭುರಾಜ ಮೊಬೈಲು ಹಿಡಿದು ಪಾಳಿಗಳನ್ನು ಓದುತ್ತಾ ಹೋದರು, ರೈತರು ತಲೆಯಾಡಿಸಿದರು. ಪುಟದ ಕೊನೆಗೆ ಬಂದಾಗ, "ತಯಾರಿಸಿದವರು, ಮೆಹಜಬೀನ, ಸಿದ್ದಾಪುರ," ಎಂದು ಓದಿ, "ಉಳಿದ ಕಾಲುವಿಗಳದ್ದೂ ಈಕಿನ ಮಾಡ್ಲಿ," ಎಂದರು. ಅವಳ ಕಣ್ಣು ತುಂಬಿತು.

ಫ್ಯಾನಿನ ಕುರ್ಚಿ ಅಷ್ಟೊತ್ತಿಗೆ ಬೇರೆಯವರ ಪಾಲಾಗಿತ್ತು. ಹಿಂದಿನ ಬೆಂಚಿನಲ್ಲಿ ಬೆವರುತ್ತಾ ಕೂತಿದ್ದ ದೇವೇಂದ್ರಪ್ಪ ಕೈ ಎತ್ತಿದರು.

"ಹೆಸರು ಇನ್ನೊಂದ್ಸಲ ಓದ್ರಿ. ಹಿಂದ ಕೇಳ್ಸಲಿಲ್ಲ."

ಅವರ ಕಿವಿ ಬಲು ಚುರುಕೆಂದು ಇಡೀ ಊರಿಗೇ ಗೊತ್ತಿತ್ತು. ಪ್ರಭುರಾಜ ಇನ್ನೊಮ್ಮೆ, ಗಟ್ಟಿಯಾಗಿ ಓದಿದರು.